ಸೋದರತ್ತೆಯ ಒತ್ತಡ

ಗುಡ್ಡದ ನೆತ್ತಿಯ ಪ್ರಯೋಗಶಾಲೆಯಲ್ಲಿ ಕುರಿಗಳನ್ನು ನೋಡಿಕೊಳ್ಳುವವಳಿಗೆ ಬಾಯಿಗಿಂತ ಕಣ್ಣು ದೊಡ್ಡದು. ಹನ್ನೆರಡು ಕುರಿಗಳಲ್ಲಿ ಒಂದು, ಮೆಲುಕು ಹಾಕುತ್ತಲೇ ಎಲ್ಲರಲ್ಲೂ ತಪ್ಪು ಹುಡುಕುವಂತೆ ನೋಡುತ್ತಿತ್ತು. ಅದಕ್ಕೆ ಅವಳು ಸೋದರತ್ತೆ ಎಂದು ಹೆಸರಿಟ್ಟಿದ್ದಳು.

ಗಾಳಿ ತೆಳುವಾದ ಎತ್ತರದಲ್ಲಿ ಪ್ರಾಣಿಯ ಹೃದಯದೊಳಗೆ ಒತ್ತಡದ ಹಾರ್ಮೋನು ಎಷ್ಟು ಏರುತ್ತದೆ ಎಂಬುದು ಡಾಕ್ಟರ ಸಂಶೋಧನೆ. ಅವಳು ಕೆಲಸಕ್ಕೆ ಸೇರಿದ ದಿನ, ಬೆಳಿಗ್ಗೆ ಹತ್ತಕ್ಕೆ ಪುಸ್ತಕದಲ್ಲಿ ಪ್ರತಿ ಕುರಿಯ ಹೆಸರಿನ ಮುಂದೆ ಒತ್ತಡ ನೋಡಿ ಬರೆಯಬೇಕು ಎಂದಷ್ಟೇ ಹೇಳಿ ಅವರು ಕೆಳಗಿಳಿದುಹೋಗಿದ್ದರು. ಕೊಟ್ಟಿಗೆಯ ಗೋಡೆಯಲ್ಲೊಂದು ಮುಳ್ಳಿನ ಯಂತ್ರವಿತ್ತು; ಅದರ ಮೇಲೆ ‘ಒತ್ತಡ’ ಎಂದೇ ಬರೆದಿತ್ತು. ಹಾರ್ಮೋನು ಅಳೆಯುವ ರಕ್ತ ಪರೀಕ್ಷೆಯ ಪೆಟ್ಟಿಗೆಯ ಮೇಲೆ ಏನೂ ಬರೆದಿರಲಿಲ್ಲ. ಮೂರು ತಿಂಗಳು ಅವಳು ಮುಳ್ಳು ನೋಡಿ ಬರೆದಳು.

ಮರಳಿ ಬಂದ ಡಾಕ್ಟರು ಪುಸ್ತಕ ತೆರೆದು ಬೆರಗಾದರು. ಹನ್ನೆರಡು ಕುರಿಗಳಿಗೂ ಒಂದೇ ಒತ್ತಡ! ಮೋಡ ಕವಿದ ದಿನ ಎಲ್ಲಕ್ಕೂ ಒಟ್ಟಿಗೆ ನೆಮ್ಮದಿ. ಅಂದೇ ದೊಡ್ಡ ಕಚೇರಿಗೆ ವರದಿ ಹೋಯಿತು. ಅಲ್ಲಿಂದ ಹೊಗಳಿಕೆಯ ಪತ್ರ ಬಂತು, ಸೋಮವಾರ ಒಂದು ಕುರಿಯ ಹೃದಯ ತೆಗೆದು ಒಳಗೆ ನೋಡಿ ಎಂಬ ಸೂಚನೆಯೂ ಬಂತು. ಡಾಕ್ಟರ ಬೆರಳು ಸೋದರತ್ತೆಯನ್ನೇ ತೋರಿಸಿತು. ಅವರು ಹಿಗ್ಗಿನಿಂದ ಗೋಡೆಯ ಮುಳ್ಳನ್ನೂ ತೋರಿಸಿ, ಗಾಳಿಯ ಒತ್ತಡ ಇಳಿದಂತೆ ಕುರಿಯ ಒತ್ತಡವೂ ಇಳಿಯುತ್ತದೆಂದು ವಿವರಿಸಿದರು. ತಾನು ಬರೆದದ್ದೆಲ್ಲ ಗಾಳಿಯ ಒತ್ತಡವೆಂದು ಅವಳಿಗೆ ಆಗ ಹೊಳೆಯಿತು. ಒಂದೇ ಪದಕ್ಕೆ ಎರಡು ಮನೆ ಇವೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬಾಯಿ ಬಿಟ್ಟರೆ ಬಣ್ಣಗೇಡು, ಕೆಲಸವೂ ಹೋದೀತು. ಬಿಡದಿದ್ದರೆ ಸೋದರತ್ತೆಯೇ ಹೋದಳು. ಭಾನುವಾರವೆಲ್ಲ ಅವಳು ಕೊಟ್ಟಿಗೆ ಗುಡಿಸಿದ್ದೇ ಗುಡಿಸಿದ್ದು.

ಸೋಮವಾರ ಡಾಕ್ಟರು ಕತ್ತಿ ತೊಳೆಯುವಾಗ ಅವಳು ಬಾಗಿಲಲ್ಲಿ ನಿಂತಳು.

“ಸಾರ್, ನಾನು ಬರೆದದ್ದು ಕುರಿದಲ್ಲ. ಗೋಡೆದು.”

“ಗೋಡೆದಾ?”

“ಹೂಂ ಸಾರ್. ಅದರ ಮೇಲೆ ಒತ್ತಡ ಅಂತಿತ್ತು.”

ಡಾಕ್ಟರು ಗೋಡೆ ನೋಡಿದರು, ಪತ್ರ ನೋಡಿದರು. ಸೋದರತ್ತೆ ಮೆಲುಕು ನಿಲ್ಲಿಸಿ ಅವರನ್ನು ನೋಡಿತು. ಅವರು ಮೆಲ್ಲಗೆ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟರು.

“ಎದೆ ಸೀಳಿದರೆ ನಿಜ ಹೊರಗೆ ಬೀಳುತ್ತೆ. ತಾನಾಗಿ ಸತ್ತರೂ ಕಚೇರಿಯವರು ಹೃದಯ ಕೇಳ್ತಾರೆ. ಈ ಕುರಿ ಸಾಯಬಾರದು ಕಣಮ್ಮ. ವಯಸ್ಸಾದ್ರೂ ಸಾಯಬಾರದು.”

ಇಂಥ ಅಪರೂಪದ ಕುರಿಯನ್ನು ಕೊಯ್ಯಲಾಗದೆಂದು ಕಚೇರಿಗೆ ಬರೆದರು. ತಮ್ಮ ಹೀಟರನ್ನು ಕೊಟ್ಟಿಗೆಗೆ ತಂದಿಟ್ಟರು. ಸೋದರತ್ತೆ ಒಮ್ಮೆ ಕೆಮ್ಮಿದರೆ ಸಾಕು, ಎದೆ ಹಿಡಿದು ಓಡಿಬರುತ್ತಿದ್ದರು.

ಅವಳು ರಕ್ತ ಪರೀಕ್ಷೆಯ ಪೆಟ್ಟಿಗೆಯ ಬಳಕೆ ಕಲಿತಳು. ಪುಸ್ತಕದಲ್ಲಿ ಹನ್ನೆರಡನೆಯ ಹೆಸರಿನ ಕೆಳಗೆ ಇನ್ನೊಂದು ಗೆರೆ ಎಳೆದು ‘ಡಾಕ್ಟರು’ ಎಂದು ಬರೆದಳು. ಅದರ ಮುಂದಿನ ಜಾಗವನ್ನು, ಅವರ ಒಂದು ಹನಿ ರಕ್ತ ಕೇಳಲು ಧೈರ್ಯ ಬರುವವರೆಗೆ, ಖಾಲಿ ಬಿಟ್ಟಳು.