ಒತ್ತುವ ಬಟನ್ನು, ಮುಟ್ಟುವ ಗಾಜು

ಭಾನುವಾರ ಬೆಳಿಗ್ಗೆ ಅನೀಲಕುಮಾರನ ಬೈಕು ಯಡ್ರಾಮಿಯಿಂದ ಜೇವರ್ಗಿಗೆ ಬಂತೆಂದರೆ, ಅಮಿತಾಳ ಮನೆಯಲ್ಲಿ ಜಗಳ ಶುರುವಾಯಿತೆಂದೇ ಲೆಕ್ಕ. ಇಬ್ಬರೂ ಒಂದೇ ಕಾಲೇಜಿನಲ್ಲಿದ್ದರು. ಅವನು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದ, ಅಮಿತಾ ಇತಿಹಾಸ. ಆದರೆ ಜಗಳ ಅವಳ ಜೊತೆಗಲ್ಲ, ಅವಳ ತಮ್ಮ ಅನೂಪನ ಜೊತೆಗೆ.

ಅನೂಪ ಹುಟ್ಟುವಾಗ ಎಲ್ಲ ಮಕ್ಕಳ ಹಾಗೆಯೇ ಇದ್ದ. ಶಾಲೆಗೆ ಹೋಗುವ ವಯಸ್ಸಿಗೆ ಮೆಟ್ಟಿಲ ಮೇಲೆ ಮುಗ್ಗರಿಸತೊಡಗಿದ, ಕೂತವನು ಮೊಣಕಾಲಿಗೆ ಕೈ ಕೊಟ್ಟು ಏಳತೊಡಗಿದ. ತಾಯಿ ಶಾರದಾಬಾಯಿ ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದ ತಂದೆ ನರಸಿಂಹ ಅವನನ್ನು ಸೊಲ್ಲಾಪುರದ ಡಾಕ್ಟರ ಕಡೆ ಒಯ್ದರು. ಸ್ನಾಯು ಸವೆಯುವ ರೋಗ, ಔಷಧಿ ಇಲ್ಲ, ಮೊದಲು ಕಾಲು, ಆಮೇಲೆ ಕೈ, ಕಡೆಗೆ ಉಸಿರು ಎಂದು ಡಾಕ್ಟರು ನೆಲ ನೋಡುತ್ತ ಹೇಳಿದರು. ಆಸ್ಪತ್ರೆಯಿಂದ ಹೊರಗೆ ಬಂದ ನರಸಿಂಹ ಎದುರಿನ ಅಂಗಡಿಯಲ್ಲಿ ಯಾರೋ ಬಳಸಿ ಬಿಟ್ಟ ಆಟದ ಡಬ್ಬಿಯೊಂದನ್ನು ಮಗನಿಗೆ ಕೊಡಿಸಿದರು. ಪುಸ್ತಕದಂತೆ ಮಡಚುವ, ಎರಡು ಪರದೆಯ ಜಪಾನಿ ಡಬ್ಬಿ. ಅಂದು ಕೊಡಿಸಲು ಅವರಿಗೆ ಬೇರೇನೂ ತೋಚಲಿಲ್ಲ.

ಓಣಿಯ ಹುಡುಗರು ಕ್ರಿಕೆಟ್ ಆಡಿದರು, ಕಾಲೇಜು ಸೇರಿದರು, ಮದುವೆಯಾದರು. ಅನೂಪ ಗಾಲಿಕುರ್ಚಿಯಲ್ಲಿ ಕೂತು ಆಡಿದ. ಕಾಲು ಹೋದವು, ಭುಜ ಹೋದವು, ಹೆಬ್ಬೆರಳು ಮಾತ್ರ ಗಟ್ಟಿ ಉಳಿದವು. ಆ ಎರಡು ಬೆರಳಿನಲ್ಲೇ ಅವನು ಬಾಳುವೆ ಮಾಡಿದ. ಹಳೆಯ ಆಟದ ಯಂತ್ರಗಳ ಮೇಲೆ ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದ. ಇಂದಿನ ಸ್ಮಾರ್ಟ್‌ಫೋನಿಗೆ ದಾರಿ ತೋರಿಸಿದ್ದು ಇಂಥ ಆಟದ ಡಬ್ಬಿಗಳೇ ಎಂಬುದು ಅವನ ವಾದ. ಅಡ್ಡ ಹಿಡಿದು ಎರಡು ಹೆಬ್ಬೆರಳಲ್ಲಿ ನಡೆಸುವುದನ್ನು ಜಗತ್ತಿಗೆ ಕಲಿಸಿದ್ದು ಯಾರು? ಗಾಜಿನ ಫೋನು ಬರುವ ಮೊದಲೇ ಮುಟ್ಟುವ ಪರದೆಯನ್ನು ಲಕ್ಷಗಟ್ಟಲೆ ಮಕ್ಕಳ ಕೈಗೆ ಕೊಟ್ಟದ್ದು ಯಾರು? ವಾಲಿಸಿದರೆ ವಾಲುವ ಆಟ ಮೊದಲು ಬಂದದ್ದು ಯಾವುದರಲ್ಲಿ?

ಅನೀಲಕುಮಾರ ಇದನ್ನು ಒಪ್ಪುತ್ತಿರಲಿಲ್ಲ. ಫೋನಿನ ವಂಶ ಬೇರೆ, ಅದು ಜೇಬಿನ ಡೈರಿ ಕಂಪ್ಯೂಟರು ಮತ್ತು ರೇಡಿಯೋ ತರಂಗ ಕೂಡಿ ಹುಟ್ಟಿದ್ದು, ಆಟ ಮತ್ತು ಫೋನು ಬೆರೆಸಿ ಮಾಡಿದ ಯಂತ್ರ ಮಾರುಕಟ್ಟೆಯಲ್ಲಿ ನಗೆಪಾಟಲಾಯಿತು ಎನ್ನುತ್ತಿದ್ದ. ಒಂದೇ ಬಾವಿಯ ನೀರು ಕುಡಿದವರು ಅಪ್ಪ ಮಕ್ಕಳಾಗುತ್ತಾರೇನು ಎಂದು ಒಮ್ಮೆ ಕೇಳಿದ.

"ಅಪ್ಪ ಅಂತ ನಾ ಎಲ್ಲಿ ಅಂದೇನ್ರಿ ಸರ್?" ಎಂದ ಅನೂಪ. "ಸೋದರಮಾವ ಅಂತೇನಿ. ಹಡಿಯೂದಿಲ್ಲ, ಸಾಕೂದಿಲ್ಲ. ಆದ್ರೂ ಅವನ ಗುಣ ಬಂದs ಬರ್ತದ."

ಶಾರದಾಬಾಯಿ ಚಹದ ಬಟ್ಟಲು ಇಟ್ಟು ಒಳಗೆ ಹೋದರು. ಅವರ ತಮ್ಮ ದತ್ತಪ್ಪ ಗೊಬ್ಬೂರಿನ ತವರಿನಲ್ಲಿ ಹೀಗೆಯೇ ಕಾಲು ಬಿದ್ದು, ಮೀಸೆ ಮೂಡುವ ಮೊದಲೇ ತೀರಿಕೊಂಡಿದ್ದ. ರೋಗ ತಾಯಿಯ ಕಡೆಯಿಂದ ಬರುವುದೆಂದು ಡಾಕ್ಟರು ಹೇಳಿದ ಮೇಲೆ ಆ ಮನೆಯಲ್ಲಿ ದತ್ತಪ್ಪನ ಹೆಸರು ಯಾರೂ ಎತ್ತುತ್ತಿರಲಿಲ್ಲ. ಅನೂಪನಿಗೆ ಎಲ್ಲ ಗೊತ್ತಿತ್ತು. ಅವನು ತಾಯಿಯನ್ನು ನೋಯಿಸಲು ಅಂದದ್ದಲ್ಲ. ಸಾವಿನ ಮಾತನ್ನು ಊಟದ ಮಾತಿನಂತೆ ಆಡುವುದು ಅವನಿಗೆ ರೂಢಿಯಾಗಿತ್ತು, ಉಳಿದವರಿಗೆ ಆಗಿರಲಿಲ್ಲ.

ಶ್ರಾವಣದಲ್ಲಿ ಅವನ ಬಲಗೈ ಹೆಬ್ಬೆರಳು ಸೋತಿತು. ಬಟನ್ನಿನ ಮೇಲೆ ಬೆರಳು ಇರುತ್ತಿತ್ತು, ಬಟನ್ನು ಒಳಗೆ ಹೋಗುತ್ತಿರಲಿಲ್ಲ. ಅವನು ಯಾರಿಗೂ ಹೇಳಲಿಲ್ಲ. ಡಬ್ಬಿಯ ಪರದೆಯಲ್ಲಿ ಒಂದೇ ಚಿತ್ರ ನಿಂತೇ ಇದ್ದುದನ್ನು ಕಂಡು ಅಮಿತಾಗೆ ತಿಳಿಯಿತು. ಅವಳು ಕೇಳಲಿಲ್ಲ. ಮರುದಿನದಿಂದ ಅವನು ತೊಡೆಯ ಮೇಲೆ ಫೋನು ಇರಿಸಿಕೊಂಡ. ಗಾಜಿನ ಮೇಲೆ ಬೆರಳು ಸವರಿದರೆ ಸಾಕು, ಒತ್ತುವ ಗರಜಿಲ್ಲ. ಒತ್ತಿದ್ದೇ ಗೊತ್ತಾಗದ ಗಾಜೆಂದು ಇಷ್ಟು ವರ್ಷ ಬೈದದ್ದಕ್ಕೇ ಅವನು ಕೈ ಒಡ್ಡಬೇಕಾಯಿತು.

ಅಮಿತಾಗೆ ಅದನ್ನು ನೋಡಲಾಗಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತಿಗೆ ಅನೀಲಕುಮಾರನಿಗೆ ವಿಷಯ ತಿಳಿಸಿ, ಈ ಭಾನುವಾರ ಸೋತುಬಿಡ್ರಿ, ಅವನ ಮಾತೇ ಖರೇ ಅಂತ ಹೇಳಿಬಿಡ್ರಿ ಎಂದು ಬೇಡಿಕೊಂಡಳು. ಅವನು ಆಗಲಿ ಎಂದ.

ಭಾನುವಾರ ಅವನು ನಾಟಕ ಚೆನ್ನಾಗಿಯೇ ಆಡಿದ. ಅನೂಪ ಎರಡು ಮಾತು ಹೇಳುವಷ್ಟರಲ್ಲಿ ತಲೆದೂಗಿ, ತಾನು ವಾರವೆಲ್ಲ ಯೋಚಿಸಿದ್ದಾಗಿಯೂ, ಆಟದ ಡಬ್ಬಿಯಿಲ್ಲದೆ ಇವತ್ತಿನ ಫೋನು ಆಗುತ್ತಲೇ ಇರಲಿಲ್ಲವೆಂದು ಮನಸ್ಸಿಗೆ ಬಂದದ್ದಾಗಿಯೂ ಹೇಳಿದ. ಅನೂಪ ಅವನ ಮುಖ ನೋಡಿದ, ಆಮೇಲೆ ಬಾಗಿಲಲ್ಲಿ ನಿಂತ ಅಕ್ಕನ ಮುಖ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಭಯವಿತ್ತು.

"ನನ್ನ ಹೆಬ್ಬಟ್ಟು ಸೋತದಂತ ನೀವು ಸೋಲಬ್ಯಾಡ್ರಿ ಸರ್," ಎಂದ. "ಡಾಕ್ಟರ್ ಸೈತ ನಾ ಸಾಯ್ತೇನಂತ ಇಷ್ಟು ಸಾಫ್ ಹೇಳಿದ್ದಿಲ್ಲ."

ಅಷ್ಟು ಹೇಳಿ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಲು ತಂದೆಯನ್ನು ಕರೆದ. ಮುಂದಿನ ಭಾನುವಾರ ಅನೀಲಕುಮಾರ ಬಂದಾಗ ನಿದ್ದೆ ಬಂದಿದೆಯೆಂದು ಹೇಳಿಸಿದ. ಅದರ ಮುಂದಿನ ವಾರವೂ ಹಾಗೆಯೇ. ಆಮೇಲೆ ಬೈಕು ಬರಲಿಲ್ಲ. ಅನೂಪ ಫೋನು ಮುಟ್ಟುವುದನ್ನೂ ಬಿಟ್ಟ. ಶಾರದಾಬಾಯಿ ರೊಟ್ಟಿ ಹಾಲಲ್ಲಿ ಕಿವುಚಿ ಬಾಯಿಗೆ ಇಟ್ಟರೆ ನುಂಗುತ್ತಿದ್ದ, ಸಾಕೆಂದರೆ ಸಾಕು.

ಅಮಿತಾ ತಿಂಗಳವರೆಗೆ ತಡೆದುಕೊಂಡಳು. ಒಂದು ಸಂಜೆ ಅವನ ಎದುರು ಕೂತು, ಅನೀಲಕುಮಾರನಿಗೆ ಹಾಗೆ ಹೇಳಲು ತಾನೇ ಹೇಳಿದ್ದೆಂದು ಒಪ್ಪಿಕೊಂಡಳು. ಗೊತ್ತದ ಎಂದ ಅವನು. ಅವಳು ಕ್ಷಮೆ ಕೇಳುವುದು ಬಿಟ್ಟು, ತಾನು ಇತಿಹಾಸ ಕಲಿಸುವವಳು, ಅವನ ವಾದದಲ್ಲಿ ಹೋಲಿಕೆ ಇದೆಯೇ ಹೊರತು ಸಬೂತು ಇಲ್ಲ, ತನ್ನ ಕ್ಲಾಸಿನ ಹುಡುಗಿ ಹೀಗೆ ಬರೆದರೆ ಪಾಸು ಮಾಡುವುದಿಲ್ಲ ಎಂದಳು.  ಅನೂಪ ತಲೆಯನ್ನು ತುಸುವೇ ಹೊರಳಿಸಿದ.

"ಸರ್‌ಗೆ ಬರ್ರಿ ಅಂತ ಹೇಳು ಅಕ್ಕಾ. ಖರೇ ಜಗಳ ಆಡೂದಿದ್ರ ಅಷ್ಟs ಬರ್ರಿ ಅನ್ನು."

ಅನೀಲಕುಮಾರ ಬಂದ. ಈ ಸಲ ಅವನು ಓದಿಕೊಂಡು ಬಂದಿದ್ದ. ಆಟದ ಡಬ್ಬಿಯ ಪರದೆ ಒತ್ತಿದರೆ ಮಾತ್ರ ಕೇಳುತ್ತದೆ, ಫೋನಿನ ಗಾಜಿಗೆ ಒತ್ತಡವೇ ಬೇಕಿಲ್ಲ, ಬೆರಳು ತಾಗಿದರೆ ಗಾಜಿನ ಮೇಲಿನ ವಿದ್ಯುತ್ತಿನಲ್ಲಾಗುವ ಬದಲಾವಣೆಯನ್ನೇ ಅದು ಗುರುತಿಸುತ್ತದೆ, ಎರಡರ ಕುಲವೇ ಬೇರೆ ಎಂದ. ಆಮೇಲೆ ಒಂದು ಸಂಗತಿ ಹೇಳಿದ. ಅಮೆರಿಕದಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಕೈನೋವು, ಕೀಲಿ ಒತ್ತಿದರೆ ಜೀವ ಹೋಗುತ್ತಿತ್ತು. ಒತ್ತದೆ ಬರೀ ಮುಟ್ಟಿ ನಡೆಸುವ ಹಲಗೆಯನ್ನು ಅವನು ತನ್ನ ಗುರುವಿನ ಜೊತೆ ಸೇರಿ ಮಾಡಿದ. ಅವರ ಆ ಸಣ್ಣ ಕಂಪನಿಯನ್ನು ಮುಂದೆ ಫೋನು ಮಾಡುವವರು ಕೊಂಡರು.

"ನಿನ್ನ ಬೆರಳ ಕೆಳಗ ಇರೂದು ಆಟದಿಂದ ಬಂದದ್ದಲ್ಲ ಅನೂಪ," ಎಂದ ಅನೀಲಕುಮಾರ. "ನೋವಿನಿಂದ ಬಂದದ್ದು."

ಅನೂಪ ತನ್ನ ಹೆಬ್ಬೆರಳು ನೋಡಿಕೊಂಡ.  ಆ ಮನುಷ್ಯನ ಕೈ ಆಮೇಲೆ ನೆಟ್ಟಗಾಯಿತೇ ಎಂದು ಕೇಳಿದ. ತನಗೆ ಗೊತ್ತಿಲ್ಲವೆಂದ ಅನೀಲಕುಮಾರ. ಗಾಜಿನ ಮಟ್ಟಿಗೆ ತಾನು ಸೋತೆ ಎಂದು ಅನೂಪ ಒಪ್ಪಿದ, ಅಡ್ಡ ಹಿಡಿಯುವುದರ ಮಟ್ಟಿಗೆ, ಎರಡು ಹೆಬ್ಬೆರಳಿನ ಮಟ್ಟಿಗೆ ಇನ್ನೂ ಫೈಸಲಾ ಆಗಿಲ್ಲವೆಂದ. ಅಂದು ಎರಡು ತುತ್ತು ಹೆಚ್ಚು ಉಂಡ. ಫೋನು ಮತ್ತೆ ತೊಡೆಗೆ ಬಂತು. ಹಠಕ್ಕೆ ಬಿದ್ದವನಂತೆ ಹುಡುಕಿ ಹುಡುಕಿ ಓದಿದ. ದೀಪಾವಳಿಯವರೆಗೆ ಜಗಳ ನಡೆಯಿತು, ಯಾರೂ ಯಾರಿಗೂ ಬಿಟ್ಟುಕೊಡಲಿಲ್ಲ.

ಚಳಿಗಾಲದಲ್ಲಿ ಕಫ ಕಟ್ಟಿತು. ಕೆಮ್ಮಿ ಹೊರಹಾಕುವ ಶಕ್ತಿ ಎದೆಗೂಡಿನಲ್ಲಿ ಇರಲಿಲ್ಲ. ಕಲಬುರಗಿಯ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಹಾಕಿದ ಮೇಲೆ ಅವನಿಗೆ ಮಾತಾಡಲಾಗಲಿಲ್ಲ, ಬರೆಯಲು ಬೆರಳೂ ಇರಲಿಲ್ಲ. ನರಸಿಂಹ ಒಳಗೆ ಬಿಟ್ಟಷ್ಟು ಹೊತ್ತು ಅವನ ಪಾದ ತಿಕ್ಕುತ್ತ ಕೂತಿರುತ್ತಿದ್ದರು. ಅಮಿತಾ ಎರಡೂ ಹೊತ್ತು ಬಾಗಿಲ ಗಾಜಿನಿಂದ ನೋಡಿ ಬರುತ್ತಿದ್ದಳು. ಸಂಕ್ರಾಂತಿಗೆ ಇನ್ನೂ ವಾರವಿರುವಾಗ, ಮಧ್ಯಾಹ್ನ, ನರ್ಸು ಬಂದು ತಂದೆಯನ್ನು ಮಾತ್ರ ಒಳಗೆ ಕರೆದಳು.

ಹದಿಮೂರನೆಯ ದಿನ ಕಳೆದ ಮೇಲಿನ ಭಾನುವಾರ ಅನೀಲಕುಮಾರ ಬಂದ. ನರಸಿಂಹ ಪೇಪರು ಮಡಚಿ ತೊಗರಿಯ ಮಾತು ತೆಗೆದರು. ಶಾರದಾಬಾಯಿ ಚಹ ತಂದುಕೊಟ್ಟು, ಎಂದೂ ಕೂರದವರು ಅಂದು ಅಲ್ಲೇ ಕೂತರು. ಫೋನು ಯಾವುದರಿಂದ ಬಂದಿತೆಂದು ಕಡೆಗೆ ಫೈಸಲಾ ಆಯಿತೇ ಎಂದು ಕೇಳಿದರು.

"ಇಲ್ರಿ ಕಾಕು," ಎಂದ ಅವನು.

ಅವರು ಹೂಂ ಎಂದು ತಲೆಯಾಡಿಸಿದರು. ಅವನು ಚಹ ಕುಡಿದು, ಬರ್ತೇನ್ರಿ ಎಂದು ಎದ್ದ. ಅಮಿತಾ ಬೈಕಿನವರೆಗೆ ಹೋದಳು.  ಮುಂದಿನ ಭಾನುವಾರ ಅವನು ಬರಲಿಲ್ಲ, ಸೋಮವಾರ ಸ್ಟಾಫ್ ರೂಮಿನಲ್ಲಿ ಅವಳು ಯಾಕೆಂದು ಕೇಳಲೂ ಇಲ್ಲ.