ಹಗ್ಗದ ಮೇಲಿಂದ ಎಸೆದ ಚೆಂಡು

ನನ್ನ ಗಂಡ ಮುಕುಂದನಿಗೆ ಅಂಕ ಕೊಡುವ ಚಟ. ನಾನು ಮಾಡಿದ ಸಾರಿಗೆ, ಕ್ವೀನ್ಸ್‌ಬರಿಯ ಅಂಗಡಿಯ ನುಗ್ಗೇಕಾಯಿಗೆ, ಮಗ ಆತ್ರೇಯ ಮನೆಗೆ ಕರೆತರುವ ಗೆಳೆಯರಿಗೆ, ಎಲ್ಲಕ್ಕೂ ಅಂಕ ಬೀಳುತ್ತದೆ. ಅದೂ ಇಪ್ಪತ್ತರಿಂದ ಎಂಬತ್ತರವರೆಗೆ. ಸೊನ್ನೆಯಿಂದ ನೂರು ಯಾಕಲ್ಲ ಎಂದು ಒಮ್ಮೆ ಕೇಳಿ ಅರ್ಧ ಮಧ್ಯಾಹ್ನ ಹಾಳು ಮಾಡಿಕೊಂಡೆ. ಅಮೆರಿಕದ ಬೇಸ್‌ಬಾಲ್ ತಂಡಗಳು ತಮ್ಮ ಕೆಳಗಿನ ತಂಡಗಳಲ್ಲಿ ಬೆಳೆಯುತ್ತಿರುವ ಹುಡುಗರನ್ನು ಅಳೆಯುವುದು ಹಾಗೆಯೇ ಅಂತೆ. ಮೇಲಿನ ತಂಡಕ್ಕೆ ಏರಲು ಯಾರು ಮೊದಲು, ಯಾರು ಹತ್ತನೆಯವನು ಎಂಬ ಪಟ್ಟಿಗಳು ಪ್ರತಿ ಚಳಿಗಾಲ ಬರುತ್ತವೆ. ಮುಕುಂದ ಅವನ್ನು ನಮ್ಮಜ್ಜ ಪಂಚಾಂಗ ಓದುತ್ತಿದ್ದಷ್ಟು ಶ್ರದ್ಧೆಯಿಂದ ಓದುತ್ತಾನೆ.

ಮೈಸೂರಿನ ಮೆಡಿಕಲ್ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ತರಗತಿ, ಹಾಗಾಗಿ ಈ ಏಕವಚನ. ನಾನು ಇಲ್ಲಿ, ಇಂಗ್ಲಿಷರ ನಾಡಿನಲ್ಲಿ, ಜಿಪಿ, ಅಂದರೆ ಬಡಾವಣೆಯ ಸಾಮಾನ್ಯ ಡಾಕ್ಟರು. ಅವನು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಜನರನ್ನು ಮಲಗಿಸುವ ಡಾಕ್ಟರು. ಭಾನುವಾರ ಮಾತ್ರ ಅಕ್ಸ್‌ಬ್ರಿಡ್ಜ್ ಆಚೆಯ ಬಯಲಿನಲ್ಲಿ ಒಂದು ಪುಟ್ಟ ಬೇಸ್‌ಬಾಲ್ ಕ್ಲಬ್ಬಿನ ಕಿರಿಯರ ಕೋಚ್. ಆತ್ರೇಯ ಚಿಕ್ಕವನಿದ್ದಾಗ ಕ್ರಿಕೆಟ್ ಕ್ಲಬ್ಬುಗಳಲ್ಲಿ ಜಾಗ ಸಿಗದೆ ಅಲ್ಲಿಗೆ ಸೇರಿಸಿದ್ದೆವು. ಮಗ ಒಂದೇ ವರ್ಷಕ್ಕೆ ಬಿಟ್ಟ. ಅಪ್ಪ ಅಲ್ಲೇ ಉಳಿದ.

ಪ್ರತಿ ಏಪ್ರಿಲ್‌ನಲ್ಲಿ ಮುಕುಂದ ತನ್ನ ಕಿರಿಯರಲ್ಲಿ ಯಾರು ಮೇಲು ಎಂದು ಕ್ರಮವಾಗಿ ಬರೆದು ಮುಖ್ಯ ಕೋಚ್‌ಗೆ ಕೊಡಬೇಕು. ಮೊದಲ ಇಬ್ಬರನ್ನು ಕ್ಲಬ್ಬು ಬೇಸಿಗೆಯಲ್ಲಿ ಹಾಲೆಂಡಿನ ಶಿಬಿರಕ್ಕೆ ಕಳಿಸುತ್ತದೆ. ಬಂದಮೇಲೆ ಅವರು ದೊಡ್ಡವರ ತಂಡದಲ್ಲಿ ಆಡುತ್ತಾರೆ. ಈ ವರ್ಷ ಮೊದಲನೆಯ ಹೆಸರು ಯಾವುದು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಪ್ರಿಯಾಂಕಾಗೆ ಹದಿನಾರು. ಅವಳ ಅಪ್ಪ ಕಲ್ಲಯ್ಯ ಮುಕುಂದನ ಆಸ್ಪತ್ರೆಯಲ್ಲೇ ಆಪರೇಷನ್ ಥಿಯೇಟರಿನ ನರ್ಸ್, ವಿಜಯಪುರದ ಕಡೆಯವರು, ಕೆಂಟನ್‌ನಲ್ಲಿ ಮನೆ. ಮಗಳನ್ನು ಈ ಆಟಕ್ಕೆ ಹಚ್ಚಿದ್ದೇ ಮುಕುಂದ. ಅವಳು ಪಿಚರ್, ಅಂದರೆ ಬ್ಯಾಟು ಹಿಡಿದವರಿಗೆ ಚೆಂಡು ಎಸೆಯುವವಳು. ಉಳಿದ ಮಕ್ಕಳೆಲ್ಲ ತೋಳನ್ನು ಭುಜದ ಮೇಲಿಂದ ತಂದು ಎಸೆದರೆ ಇವಳು ಸೊಂಟದ ಪಕ್ಕದಿಂದ, ಕೆರೆಗೆ ಚಪ್ಪಟೆ ಕಲ್ಲು ಹಾರಿಸಿದ ಹಾಗೆ ಬೀಸುತ್ತಿದ್ದಳು. ಚೆಂಡು ನೇರ ಬರುತ್ತಿದೆ ಎಂದುಕೊಳ್ಳುವಷ್ಟರಲ್ಲಿ ಓರೆಯಾಗಿ ಜಾರಿಬಿಡುತ್ತಿತ್ತು. ದೊಡ್ಡ ದೊಡ್ಡ ಹುಡುಗರು ಗಾಳಿಗೆ ಬ್ಯಾಟು ಬೀಸಿ ಪೆಚ್ಚಾಗಿ ವಾಪಸು ಹೋಗುವುದನ್ನು ನೋಡಲೆಂದೇ ನಾನು ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗಿ ಕೂರುತ್ತಿದ್ದೆ.

ಮೈದಾನದಲ್ಲಿ ಕನ್ನಡ ಮಾತಾಡಬಾರದು ಎಂದು ಮುಕುಂದ ಅವಳಿಗೆ ಮೊದಲ ದಿನವೇ ಹೇಳಿದ್ದ. ಗುಟ್ಟಾಗಿ ಏನೋ ಹೇಳಿಕೊಡುತ್ತಿದ್ದಾನೆ ಎಂದು ಬೇರೆ ಮಕ್ಕಳಿಗೆ ಅನ್ನಿಸಬಾರದಲ್ಲ. ಅವಳಿಗೆ ಅದೇನೂ ಕಷ್ಟವಾಗಲಿಲ್ಲ. ಮನೆಯಲ್ಲೂ ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ.

ಯುಗಾದಿಯ ಊಟ ಹ್ಯಾರೋದ ಒಂದು ಶಾಲೆಯ ಹಾಲಿನಲ್ಲಿತ್ತು. ಒಬ್ಬಟ್ಟಿನ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ವಸಿಷ್ಠ, ಇಲ್ಲಿನ ಕನ್ನಡ ಸಂಘದ ಲೆಕ್ಕ ನೋಡಿಕೊಳ್ಳುವವರು, ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಹಾರಿಸಿದರು. ಪಟ್ಟಿ ಬರೆಯುವ ಶ್ರಮ ಯಾಕೆ, ಕೋಚ್ ನಮ್ಮವನು, ನಂಬರ್ ಒನ್ ನಮ್ಮ ಹುಡುಗಿಯೇ ಅಲ್ಲವೇ ಎಂದರು. ಜನ ನಕ್ಕರು. ನಾನೂ ನಕ್ಕೆ. ಆದರೆ ಹಿಂದಿನ ಭಾನುವಾರವಷ್ಟೇ ಮೈದಾನದಲ್ಲಿ ಇನ್ನೊಬ್ಬ ಹುಡುಗನ ತಾಯಿ, ನಿಮಗೆ ಪ್ರಿಯಾಂಕಾಳ ಮನೆಯವರು ತುಂಬಾ ಹತ್ತಿರವೇ ಎಂದು ಮಾತಿಗೆ ಸಕ್ಕರೆ ಸವರಿ ಕೇಳಿದ್ದಳು. ಎರಡನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಮನೆಗೆ ಬಂದೆ. ಬಂದವಳು ಸುಮ್ಮನಿರಲಿಲ್ಲ.

"ಅವಳನ್ನ ಮೊದಲು ಹಾಕಿದ್ರೆ ಎಲ್ಲರೂ ನಿನ್ನ ಕಡೆ ಬೆರಳು ತೋರಿಸ್ತಾರೆ, ನೋಡ್ಕೋ," ಅಂದೆ.

ಮುಕುಂದನ ಸ್ವಭಾವ ನನಗೆ ಗೊತ್ತು. ಪಕ್ಷಪಾತಿ ಎನ್ನಿಸಿಕೊಳ್ಳುವುದೆಂದರೆ ಅವನಿಗೆ ಪ್ರಾಣಸಂಕಟ. ಆತ್ರೇಯನ ಏಳನೇ ಹುಟ್ಟುಹಬ್ಬದಲ್ಲಿ ಕುರ್ಚಿ ಆಟದ ತೀರ್ಪುಗಾರನಾಗಿ ಸ್ವಂತ ಮಗನನ್ನೇ ಮೊದಲು ಹೊರಗೆ ಹಾಕಿ ಅಳಿಸಿದವನು. ಎರಡು ದಿನ ಬಿಟ್ಟು ಲ್ಯಾಪ್‌ಟಾಪಿನ ಮುಂದೆ ಕೂತಿದ್ದವನ ಹಿಂದೆ ಹೋಗಿ ನಿಂತು ನೋಡಿದೆ. ಪ್ರಿಯಾಂಕಾಳ ಹೆಸರು ಮೂರನೆಯದಾಗಿತ್ತು. ಪಕ್ಕದಲ್ಲಿ ಕಾರಣ: ತೋಳು ತೀರಾ ಕೆಳಗಿನಿಂದ ಬರುತ್ತದೆ, ಮುಂದೆ ಮೊಣಕೈಗೆ ತೊಂದರೆಯಾಗಬಹುದು, ತಿದ್ದಿಕೊಳ್ಳಬೇಕು.

ಇದು ನಿಜವೇ ಎಂದು ಕೇಳಿದೆ. ಪೂರ್ತಿ ಸುಳ್ಳಲ್ಲ ಎಂದ. ಹಾಗೆಯೇ ಎಸೆದು ಹೆಸರು ಮಾಡಿದವರು ಎಷ್ಟೋ ಜನ ಇದ್ದಾರೆ ಎಂದು ನನಗೆ ಹೇಳಿದವನು ಅವನೇ. ನಾನೂ ಡಾಕ್ಟರೇ, ಆ ಹುಡುಗಿಯ ಮೊಣಕೈಗೆ ಏನೂ ಆಗಿಲ್ಲವೆಂದು ನನಗೂ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಯಿತು. ಇನ್ನು ಯಾರೂ ನಮ್ಮನ್ನು ಏನೂ ಅನ್ನುವಂತಿರಲಿಲ್ಲ.

ಪಟ್ಟಿಯೂ ಅದರ ಕಾರಣಗಳೂ ಮಕ್ಕಳ ಮನೆಗಳಿಗೆ ತಲುಪಿದವು. ಮುಂದಿನ ವಾರ ಕಲ್ಲಯ್ಯ ಮತ್ತು ಅವರ ಹೆಂಡತಿ ಚಂದ್ರವ್ವ ನಮ್ಮ ಮನೆಗೆ ಬಂದರು. ಜಗಳಕ್ಕೇ ಬಂದರು ಎಂದು ಹೆದರಿ ಬಾಗಿಲು ತೆಗೆದೆ. ಚಂದ್ರವ್ವನ ಕೈಯಲ್ಲಿ ಜೋಳದ ರೊಟ್ಟಿಯ ಕಟ್ಟು, ಶೇಂಗಾ ಚಟ್ನಿಪುಡಿಯ ಸ್ಟೀಲ್ ಡಬ್ಬಿ. ಕಲ್ಲಯ್ಯ ಕೂರುವ ಮೊದಲೇ ಕೈ ಮುಗಿದರು.

"ಬ್ಯಾರೆದವ್ರಾಗಿದ್ರ ಬಾಯಿ ಮುಚ್ಚಿಕೊಂಡು ಕುಂಡ್ರತಿದ್ರು, ಡಾಕ್ಟರ. ನೀವು ನಮ್ಮವ್ರು ಅಂತ ತಪ್ಪು ತೋರಿಸಿದ್ರಿ. ಕೈ ಕೆಟ್ಟ ಮ್ಯಾಲ ಗೊತ್ತಾಗಿದ್ರ ಏನ್ ಮಾಡಬೇಕಿತ್ತು?"

ಮುಕುಂದ ತಟ್ಟೆಯಿಂದ ತಲೆ ಎತ್ತದೆ ರೊಟ್ಟಿ ಮುರಿದು ತಿಂದ. ಚಟ್ನಿಪುಡಿ ಚೆನ್ನಾಗಿತ್ತು. ಅಂಕ ಬೀಳಲಿಲ್ಲ.

ಡಬ್ಬಿ ವಾಪಸು ಕೊಡಲು ಮೇ ತಿಂಗಳಲ್ಲಿ ಒಂದು ಸಂಜೆ ಕೆಂಟನ್‌ಗೆ ಹೋದೆ. ಬರಿ ಡಬ್ಬಿ ಕೊಡಬಾರದೆಂದು ಅದರಲ್ಲಿ ಕೊಬ್ಬರಿ ಮಿಠಾಯಿ ಹಾಕಿದ್ದೆ. ಚಂದ್ರವ್ವ ನನ್ನನ್ನು ಅಡುಗೆಮನೆಯ ಮೂಲಕ ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಬಟ್ಟೆ ಒಣಗಿಸುವ ಹಗ್ಗವನ್ನು ಬೇಲಿಯಿಂದ ಬೇಲಿಗೆ ಪ್ರಿಯಾಂಕಾಳ ಭುಜದ ಎತ್ತರಕ್ಕೆ ಬಿಗಿದು ಕಟ್ಟಿದ್ದರು. ಅವಳು ಹಗ್ಗದ ಈಚೆ ನಿಂತು, ತೋಳನ್ನು ಅದರ ಮೇಲಿಂದ ತಂದು, ಆಚೆಯ ಹಳೆಯ ಹಾಸಿಗೆಗೆ ಚೆಂಡು ಎಸೆಯುತ್ತಿದ್ದಳು. ತೋಳು ಕೆಳಗೆ ಬಂದರೆ ಹಗ್ಗ ತಗಲುತ್ತಿತ್ತು. ಆಗ ತುಟಿ ಕಚ್ಚಿಕೊಂಡು ಮತ್ತೆ ಚೆಂಡು ತೆಗೆದುಕೊಳ್ಳುತ್ತಿದ್ದಳು. ಡ್ಯೂಟಿ ಮುಗಿಸಿ ಬಂದ ಬಟ್ಟೆಯಲ್ಲೇ ಕಲ್ಲಯ್ಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಪ್ರತಿ ಸಲವೂ ಮೆಲ್ಲಗೆ "ಕೈ ಮ್ಯಾಲ" ಎನ್ನುತ್ತಿದ್ದರು.

"ದಿನಾ ಸಂಜಿಕ್ಕ ಇದ ನೋಡ್ರಿ ಅಕ್ಕಾರ," ಎಂದರು ಚಂದ್ರವ್ವ, ಹೆಮ್ಮೆಯಿಂದ. "ಅರಿಬಿ ಹೊರಗ ಹಾಕೂದ ಬಿಟ್ಟೀನಿ ನಾ."

ಅವರ ಒಳಮನೆಯ ಕುರ್ಚಿ, ಮೆಟ್ಟಿಲ ಕಟಾಂಜನ, ಬಾಗಿಲ ಮೇಲೆಲ್ಲ ಒದ್ದೆ ಬಟ್ಟೆ ಹರವಿತ್ತು. ಚಹಾ ಕುಡಿಸದೆ ಚಂದ್ರವ್ವ ನನ್ನನ್ನು ಬಿಡಲಿಲ್ಲ. ಮನೆಗೆ ಬಂದು ಮುಕುಂದನಿಗೆ ನೋಡಿದ್ದನ್ನೆಲ್ಲ ಹೇಳಿದೆ. ಈ ಭಾನುವಾರವೇ ಪ್ರಿಯಾಂಕಾಗೆ ನಿಜ ಹೇಳುತ್ತೇನೆ ಎಂದ.

ಆ ಭಾನುವಾರ ಮಳೆ. ಮುಂದಿನದಕ್ಕೆ ಅವಳಿಗೆ ಪರೀಕ್ಷೆ. ಆಮೇಲೆ ಕಲ್ಲಯ್ಯ ಪಕ್ಕದಲ್ಲೇ ಇದ್ದರು, ಅಪ್ಪನ ಎದುರಿಗೆ ಹೇಗೆ ಹೇಳಲಿ ಎಂದ. ನಾನು ಹೆದರುಪುಕ್ಕಲ ಎಂದು ಬೈದೆ, ಎರಡು ದಿನ ಮಾತು ಬಿಟ್ಟೆ. ಆದರೆ ಅದೇ ವಾರ ಕ್ವೀನ್ಸ್‌ಬರಿಯ ತರಕಾರಿ ಅಂಗಡಿಯಲ್ಲಿ ಚಂದ್ರವ್ವ ಸಿಕ್ಕಾಗ ನಾನು ಮಾಡಿದ್ದೇನು? ಮೆಂತ್ಯದ ಕಟ್ಟು ಆರಿಸುತ್ತಾ, ಹುಡುಗಿ ತುಂಬಾ ಶ್ರಮ ಪಡುತ್ತಿದ್ದಾಳೆ ಎಂದು ಹೊಗಳಿ ಬಂದೆ. ಜುಲೈನಲ್ಲಿ ಬೇರೆ ಇಬ್ಬರು ಹುಡುಗರು ಹಾಲೆಂಡಿಗೆ ಹೋದರು. ಅವರನ್ನು ಬೀಳ್ಕೊಡಲು ಪ್ರಿಯಾಂಕಾ ಕಾರ್ಡು ಬರೆದು ತಂದಿದ್ದಳಂತೆ. ಅದನ್ನು ಹೇಳಿದ ಮೇಲೆ ಮುಕುಂದ ಊಟ ಮಾಡಲಿಲ್ಲ. ಸಾರಿಗೆ ಅಂಕ ಕೊಡುವುದನ್ನು ಅವನು ಯಾವಾಗ ನಿಲ್ಲಿಸಿದನೋ ನಾನು ಗಮನಿಸಿರಲಿಲ್ಲ. ನಿಂತೇ ಹೋಗಿತ್ತು.

ಆಗಸ್ಟ್ ಕೊನೆಗೆ ಆ ಇಬ್ಬರಲ್ಲಿ ಒಬ್ಬನ ಮನೆಯವರು ಲೀಡ್ಸ್‌ಗೆ ಹೊರಟರು. ದೊಡ್ಡವರ ತಂಡದಲ್ಲಿ ಪಿಚರ್ ಜಾಗ ಖಾಲಿಯಾಯಿತು. ಭಾನುವಾರದ ಆಟ ನೋಡಿ ಕಿರಿಯರಲ್ಲಿ ಮೊದಲನೆಯ ಹೆಸರು ಕಳಿಸು ಎಂದು ಮುಖ್ಯ ಕೋಚ್ ಹೇಳಿದ. ಆ ಭಾನುವಾರ ಮೈದಾನಕ್ಕೆ ಹೋಗುವಾಗ ಕಾರಿನಲ್ಲಿ ಮುಕುಂದ ಎಷ್ಟೋ ದಿನದ ಮೇಲೆ ಗುನುಗುತ್ತಿದ್ದ. ಹಾಲೆಂಡ್ ಹೋದರೆ ಹೋಗಲಿ, ಇದಾದರೂ ಅವಳಿಗೆ ಸಿಗುತ್ತದೆ, ಯಾರು ಏನಾದರೂ ಅನ್ನಲಿ ಎಂದ. ನನಗೂ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಹೇಳುವ ಕಷ್ಟವಿಲ್ಲದೆಯೇ ತಪ್ಪು ತೀರಿಹೋಗುತ್ತದಲ್ಲ ಎಂದುಕೊಂಡೆ.

ಬೇಸಿಗೆಯಲ್ಲಿ ಮುಕುಂದನಿಗೆ ಭಾನುವಾರದ ಡ್ಯೂಟಿಗಳು ಬಿದ್ದು, ಪ್ರಿಯಾಂಕಾ ಪಂದ್ಯದಲ್ಲಿ ಎಸೆಯುವುದನ್ನು ನಾವಿಬ್ಬರೂ ನೋಡದೆ ತಿಂಗಳುಗಳೇ ಆಗಿದ್ದವು. ಅವಳು ಮಣ್ಣಿನ ದಿಬ್ಬದ ಮೇಲೆ ನಿಂತಳು. ತೋಳು ಮೇಲೆದ್ದಿತು, ಭುಜ ದಾಟಿ, ಕಿವಿ ಸವರಿಕೊಂಡು ಬಂತು. ಅಚ್ಚುಕಟ್ಟಾದ ಎಸೆತ. ಚೆಂಡು ನೇರ ಹೋಯಿತು, ಎಲ್ಲೂ ಜಾರಲಿಲ್ಲ. ಹುಡುಗ ಆರಾಮಾಗಿ ಬಾರಿಸಿದ. ಮುಂದಿನವನೂ ಬಾರಿಸಿದ. ಆ ವರ್ಷವೇ ಆಟಕ್ಕೆ ಸೇರಿದ ಹನ್ನೆರಡರ ಪೋರ ಅಚಿಂತ್ಯ ಕೂಡ ಬೇಲಿಯವರೆಗೆ ಹೊಡೆದು ತಾನೇ ನಂಬಲಾರದೆ ನಿಂತುಬಿಟ್ಟ.

ಪ್ರಿಯಾಂಕಾ ಬೇಸರಪಟ್ಟುಕೊಳ್ಳಲಿಲ್ಲ. ಪ್ರತಿ ಎಸೆತದ ಮೇಲೂ ಚೆಂಡು ಎಲ್ಲಿ ಹೋಯಿತೆಂದು ನೋಡದೆ ಮುಕುಂದನ ಕಡೆ ನೋಡುತ್ತಿದ್ದಳು, ಕೈ ಸಾಕಷ್ಟು ಮೇಲೆ ಬಂತೇ ಎಂದು ಕೇಳುವ ಹಾಗೆ. ಅವನು ಪ್ರತಿ ಸಲವೂ ಸರಿಯೆಂದು ತಲೆ ಆಡಿಸುತ್ತಿದ್ದ. ಈಗ ಅವಳನ್ನು ಮೊದಲು ಹಾಕಿದರೆ ಅದು ಸುಳ್ಳು. ಮೂರನೆಯ ಜಾಗವೂ ಹೆಚ್ಚೇ. ನಾವು ಬರೆದ ಸುಳ್ಳನ್ನು ಆ ಹುಡುಗಿ ಬೆವರು ಸುರಿಸಿ ನಿಜ ಮಾಡಿಕೊಂಡಿದ್ದಳು.

ಆಟ ಮುಗಿದ ಮೇಲೆ ಮುಕುಂದ ಅವಳನ್ನು ನಾನು ಕೂತಿದ್ದ ಮರದ ಕೆಳಗೆ ಕರೆದ. ತಾನೇ ಮಾಡಿದ ನಿಯಮ ಮುರಿದು ಕನ್ನಡದಲ್ಲಿ ಹೇಳಿದ.

"ನಿನ್ನ ಕೈಯಲ್ಲಿ ಯಾವ ತಪ್ಪೂ ಇರಲಿಲ್ಲಮ್ಮ. ನೀನೇ ಎಲ್ಲರಿಗಿಂತ ಮುಂದಿದ್ದೆ. ನಮ್ಮವಳು ಅಂತ ಜನ ಆಡ್ಕೋತಾರೆ ಅಂತ ಹೆದರಿ ಕೆಳಗೆ ಹಾಕ್ದೆ. ಕೈ ವಿಷಯ ನಾನು ಕಟ್ಟಿದ್ದು."

ಹಾಗಾದರೆ ನಾನು ಹಾಲೆಂಡಿಗೆ ಹೋಗುತ್ತಿದ್ದೆನೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮುಕುಂದ ಹೌದೆಂದು ತಲೆ ಆಡಿಸಿದ. ಕೂಗಾಡುತ್ತಾಳೆ ಎಂದುಕೊಂಡೆ. ಕೂಗಾಡಿದ್ದರೆ ಒಳ್ಳೆಯದಿತ್ತು. ಅವಳು ಕೈಯಲ್ಲಿದ್ದ ಚೆಂಡನ್ನು ತಿರುಗಿಸುತ್ತಾ, ತೋಳನ್ನು ಒಮ್ಮೆ ಸೊಂಟದ ಹತ್ತಿರ ತಂದಳು, ಬೀಸಲು ಹೋದಳು, ಅದು ನಡುವೆಯೇ ನಿಂತಿತು. ಇನ್ನೊಮ್ಮೆ ತಂದಳು. ಮತ್ತೆ ನಿಂತಿತು.

"ಅಂಕಲ್, ಮೊದ್ಲ ಹ್ಯಾಂಗ ಒಗೀತಿದ್ದೆ ನಾ?" ಎಂದಳು. ಆ ಮೈದಾನದಲ್ಲಿ ಅವಳ ಬಾಯಿಂದ ಕನ್ನಡ ಕೇಳಿದ್ದು ಅದೇ ಮೊದಲು. "ನಂಗ ನೆನಪಾಗವಲ್ದು."

ಮುಕುಂದ ಅವಳ ಕೈಯಿಂದ ಚೆಂಡು ತೆಗೆದುಕೊಂಡ. ಹೀಗೆ, ಹೀಗೆ ಎನ್ನುತ್ತಾ ಬಗ್ಗಿ, ತನ್ನ ಐವತ್ತೈದರ ತೋಳನ್ನು ಪಕ್ಕದಿಂದ ಬೀಸಿ ತೋರಿಸಲು ಹೋದ. ಚೆಂಡು ನಾಲ್ಕು ಹೆಜ್ಜೆ ಉರುಳಿ ಹುಲ್ಲಿನಲ್ಲಿ ನಿಂತಿತು. ಅವಳು ಹೋಗಿ ಎತ್ತಿಕೊಂಡಳು. ಮುಕುಂದನ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಕಾರ್ ಪಾರ್ಕಿನ ಕಡೆಯಿಂದ ಡ್ಯೂಟಿ ಮುಗಿಸಿ ಕಲ್ಲಯ್ಯ ಬರುತ್ತಿದ್ದರು. ಮಗಳು ಚೆಂಡು ಹಿಡಿದು ನಿಂತಿದ್ದು ಕಂಡು ದೂರದಿಂದಲೇ, "ಕೈ ಮ್ಯಾಲ, ಡಾಕ್ಟರ್ ಹೇಳಿದ್ದು ಮರೀಬ್ಯಾಡ," ಎಂದರು. ಅವಳ ತೋಳು ತಾನೇ ಮೇಲೆದ್ದಿತು.

ಮುಕುಂದ ನಿಂತಲ್ಲಿಂದ ಅಲುಗಲಿಲ್ಲ. ಇದಕ್ಕೆಲ್ಲ ಕಾರಣವಾದ ಮಾತು ಹುಟ್ಟಿದ್ದು ನನ್ನ ಬಾಯಿಂದ, ಒಬ್ಬಟ್ಟು ತಿಂದು ಬಂದ ದಿನ. ಫ್ಲಾಸ್ಕು ಕೆಳಗಿಟ್ಟು ನಾನೇ ಎದ್ದು ಕಲ್ಲಯ್ಯನವರಿಗೆ ಎದುರಾಗಿ ನಡೆದೆ. ಎಲ್ಲಿಂದ ಶುರು ಮಾಡುವುದೋ ತಿಳಿಯಲಿಲ್ಲ.

"ಕಲ್ಲಯ್ಯನವರೇ, ಹಿತ್ತಲಲ್ಲಿ ಕಟ್ಟಿದೀರಲ್ಲ, ಆ ಹಗ್ಗ ಬಿಚ್ಚಿಬಿಡಿ," ಅಂದೆ.

ಅವರು ನಿಂತರು. ನನ್ನ ಹಿಂದೆ ನಿಂತಿದ್ದ ಮಗಳನ್ನು ನೋಡಿದರು, ಮತ್ತೆ ನನ್ನನ್ನು. ದಣಿದ ಮುಖವೆಲ್ಲ ಅರಳಿತು.

"ಕೈ ಸರಿ ಆತೇನ್ರಿ, ಅಕ್ಕಾರ?"