ತಿರುಗಿಸಿಟ್ಟ ಪಾಕೀಟು

ಕಣ್ಣ ಕಾಣಂಗಿಲ್ಲ ಅಂದ್ರ ಮನ್ಯಾಗ ಕುಂದ್ರು ಆಪಾ, ನಿನ್ನ ಕುರುಡುಗಣ್ಣ ಮುಚ್ಚಿಟ್ಟು ಮುಚ್ಚಿಟ್ಟು ನನಗ ಸಾಕಾಗ್ಯದ, ಹಬ್ಬದಾಗ ಮಂದಿಗಿ ಕೆಟ್ಟಿದ್ದು ತಿನ್ನಿಸಿ ನನ್ನ ಹೆಸರೂ ಮಣ್ಣ ಮಾಡ್ತೀ ಏನ್ — ಅಂದೆ, ನಾನೇ ಅಂದೆ, ಬೆಳಿಗ್ಗೆ ಹನ್ನೊಂದಕ್ಕೆ, ಈಗ ಎರಡೂವರೆ, ಮಾತು ಇನ್ನೂ ಬಾಯಲ್ಲೇ ಇದೆ, ಗುಟ್ಕಾದ ಹಾಗೆ, ಉಗುಳಿದರೂ ರುಚಿ ಹೋಗುತ್ತಿಲ್ಲ. ಮೇಲೆ ಸ್ಪೀಕರಿನಲ್ಲಿ ಬೆಳಗಿನಿಂದ ಅದೇ ಹೆಣ್ಣುದನಿ, ದೀಪಾವಳಿ ಧಮಾಕಾ, ಎರಡು ಕೊಂಡರೆ ಒಂದು ಉಚಿತ, ಅವಳ ಗಂಟಲು ಒಣಗುವುದಿಲ್ಲ, ನನ್ನದು ಒಣಗಿದೆ, ನೀರು ಕುಡಿಯಲು ಹೋದರೆ ಈ ರ್ಯಾಕು ಖಾಲಿಯಾಗುತ್ತದೆ, ತುಂಬುವುದರೊಳಗೆ ಆ ರ್ಯಾಕು. ಗಾಜಿನ ಬಾಗಿಲು ತೆರೆಯುತ್ತದೆ, ಹೊರಗಿನ ಬಿಸಿಗಾಳಿ ಕಾಲಿಗೆ ಬಡಿಯುತ್ತದೆ, ತಲೆ ಎತ್ತುತ್ತೇನೆ — ಆಕೆಯಲ್ಲ, ಯಾರೋ ಗಂಡಸು, ಹೆಗಲ ಮೇಲೆ ಕೂಸು. ಬರುತ್ತಾಳೆ. ಚಹಾ ಕುಡಿದು ಬರುತ್ತಾಳೆ. ಸಿಟ್ಟು ಬಂದಾಗ ಮಹಬೂಬಿ ಆಪಾ ಬಾಯಿ ತೆರೆಯುವುದಿಲ್ಲ, ಅದು ಗೊತ್ತು, ಹನ್ನೊಂದು ವರ್ಷದಿಂದ ಗೊತ್ತು, ಬಾಯಿ ತೆರೆಯುವವಳು ನಾನು. ಇವತ್ತು ಕೈ ಚಾಚಿ ಒಂದು ಪಾಕೀಟು ಸರಿಮಾಡಿದಳು, ಹೋದಳು, ಅಷ್ಟೆ, ಅದನ್ನೇನು ನೆನೆಯುವುದು, ಬೆಲ್ಲದ ಬಾಕ್ಸು ಒಡೆಯಬೇಕು, ಬ್ಲೇಡು ಎಲ್ಲಿಟ್ಟೆ.

ರಟ್ಟು ಬೆರಳ ಸಂದಿಯಲ್ಲಿ ಕೊಯ್ಯುತ್ತದೆ, ರಕ್ತ ಬರುವುದಿಲ್ಲ, ಉರಿಯುತ್ತದೆ, ಮೇಲೆ ಖಾರದ ಪುಡಿಯ ಸಾಲು ತುಂಬಿದರಂತೂ ಕೇಳಬೇಡ. ಹಬ್ಬ ಎಂದರೆ ಮಂದಿಗೆ ದೀಪ, ನಮಗೆ ಲಾರಿ. ಒಂದು ಲಾರಿ ಇಳಿಸುವುದರೊಳಗೆ ಇನ್ನೊಂದು ಹಿಂದಿನ ಗೇಟಿಗೆ ಬಂದು ಹಾರ್ನು ಹೊಡೆಯುತ್ತದೆ, ಗೋಡೌನಿನಲ್ಲಿ ಕಾಲಿಡಲು ಜಾಗವಿಲ್ಲ, ಎಣ್ಣೆ ಡಬ್ಬಿಯ ಮೇಲೆ ಅವಲಕ್ಕಿ, ಅವಲಕ್ಕಿಯ ಮೇಲೆ ಉಡುಗೊರೆಯ ಬಾದಾಮಿ ಪೆಟ್ಟಿಗೆ. ಮ್ಯಾನೇಜರ್ ದೇವೀಂದ್ರಪ್ಪನ ಕೈಯಲ್ಲಿ ಒಂದು ಚಿತ್ರ, ಬೆಂಗಳೂರಿನಿಂದ ಕಳಿಸಿದ್ದು, ರ್ಯಾಕು ಹೀಗೇ ಕಾಣಬೇಕು ಎಂದು, ಚಿತ್ರದಲ್ಲಿ ಗಿರಾಕಿಗಳೇ ಇಲ್ಲ, ಗಿರಾಕಿ ಇಲ್ಲದಿದ್ದರೆ ನಾನೂ ಹಾಗೆಯೇ ಇಡುತ್ತೇನೆ. ಇವರು ತುಪ್ಪ ತೆಗೆದುಕೊಂಡು ಸೋಪಿನಲ್ಲಿ ಬಿಟ್ಟು ಹೋಗುತ್ತಾರೆ, ಸೋಪು ಮೂಸಿ ರವೆಯಲ್ಲಿ ಇಡುತ್ತಾರೆ. ಜೇವರ್ಗಿ ಕಾಲೋನಿಯ ಓದಿದ ಹೆಂಗಸರಿಗೆ ಇನ್ನೊಂದು ವಿದ್ಯೆ ಗೊತ್ತು, ಮುಂದಿನದು ಮುಟ್ಟುವುದಿಲ್ಲ, ಮೊಣಕೈವರೆಗೆ ಕೈ ತೂರಿಸಿ ಕೊನೆಯ ಪಾಕೀಟು ಎಳೆಯುತ್ತಾರೆ, ತಾಜಾ ಮಾಲು ಹಿಂದೆ ಇರುತ್ತದೆ ಅಂತ, ಮುಂದಿನವೆಲ್ಲ ಧಡಧಡ ಬೀಳುತ್ತವೆ, ಸಾರಿ ಅಮ್ಮ ಎಂದು ಹೋಗುತ್ತಾರೆ. ಇರುತ್ತದೆ ನಿಜ. ಹಳೇದು ಮುಂದ, ಹೊಸಾದು ಹಿಂದ, ಇಷ್ಟೇ ನೋಡ್ ತಂಗಿ ಈ ಕೆಲಸ, ಬಾಕಿ ಸಬ್ ಆ ಜಾತಾ, ಉಳಿದದ್ದು ತಾನಾ ಬರ್ತದ — ಮೊದಲ ದಿನ ಆಪಾ ಹೇಳಿದ್ದು, ನಾನು ಕಮಲಾಪುರದಿಂದ ಬಸ್ಸಿನಲ್ಲಿ ಬಂದು ವಾಂತಿ ಮಾಡಿಕೊಂಡು ನಿಂತಿದ್ದೆ, ಈ ಎಸಿ ತಂಪಿಗೆ ಹಲ್ಲು ಕಡಕಡ ಅನ್ನುತ್ತಿತ್ತು, ಆಕೆ ತನ್ನ ಸ್ವೆಟರು ಬಿಚ್ಚಿ ಕೊಟ್ಟಳು, ಗುಲಾಬಿ ಬಣ್ಣದ್ದು, ರೋಜಾ ಓಣಿಯ ದರ್ಗಾದ ಅತ್ತರಿನ ವಾಸನೆ ಅದಕ್ಕೆ, ಈಗಲೂ ಚಳಿಗಾಲದಲ್ಲಿ ಅದನ್ನೇ ಹಾಕುತ್ತೇನೆ. ಹಾಕಿಕೊಂಡೇ ಅಂದೆನಲ್ಲ ಕುರುಡಿ ಎಂದು — ಇಲ್ಲ, ಇವತ್ತು ಹಾಕಿಲ್ಲ, ಹಾಕಿದ್ದರೂ ಅನ್ನುತ್ತಿದ್ದೆ, ನನ್ನ ನಾಲಿಗೆ ನನಗೆ ಗೊತ್ತು.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಬಿಸ್ಕತ್ತಿನ ಸಾಲಿನಲ್ಲಿ ಪಾಕೀಟನ್ನು ಮೂಗಿನ ತನಕ ತಂದು, ಮತ್ತೆ ದೂರ ಹಿಡಿದು, ಮತ್ತೆ ಮೂಗಿನ ತನಕ — ಬಂಡೆಮ್ಮ, ಇದರ ತಾರೀಖ ಎಷ್ಟದ ನೋಡು, ಇರುವಿ ಹರದಾಡಿದಂಗ ಕಾಣಸ್ತದ. ನಾನು ಓದಿದೆ. ನಾನು ಏಳನೇ ತರಗತಿ, ಊರ ಶಾಲೆಯದು, ಅಂಕಿ ಅಂದರೆ ನನಗೆ ನೀರು ಕುಡಿದಷ್ಟು ಸಲೀಸು, ಓದುವಾಗ ಸ್ವಲ್ಪ ಜಂಭವೂ ಇತ್ತು. ಕಣ್ಣಲ್ಲಿ ಪೊರೆ ಬಂದಿದೆ ಎಂದು ಆಮೇಲೆ ಹೇಳಿದಳು, ಯಾರಿಗೂ ಅನ್ನಬ್ಯಾಡ, ತೆಗದ ಹಾಕ್ತಾರ, ಹಬ್ಬ ಮುಗೀಲಿ ತೋರಿಸ್ತೀನಿ. ಯಾವ ಹಬ್ಬ? ರಂಜಾನ್ ಮುಗಿಯಿತು, ದಸರಾ ಬಂತು, ದಸರಾ ಮುಗಿಯಿತು, ದೀಪಾವಳಿ, ಹಬ್ಬದಲ್ಲಿ ರಜೆ ಇಲ್ಲ ಎಂದು ಗೋಡೆಯ ಮೇಲೆ ಅಂಟಿಸಿದ್ದಾರೆ, ಹಬ್ಬವಿಲ್ಲದ ತಿಂಗಳು ಯಾವುದಿದೆ ಈ ಊರಲ್ಲಿ. ಅಂದಿನಿಂದ ನಾನು ಓದುತ್ತೇನೆ, ಆಕೆ ಇಡುತ್ತಾಳೆ. ಕೈಯೇ ಆಕೆಗೆ ಕಣ್ಣು. ಹಳೇ ಪಾಕೀಟು ಕೈಗೆ ಮೆತ್ತಗಿರುತ್ತದೆ, ಹೊಸದು ಬಿರುಸು, ಬೆರಳು ಆಡಿಸಿ ಹೇಳುತ್ತಾಳೆ. ಸೋಮವಾರ ಸೋಮವಾರ ನಾನು ಊರಿನಿಂದ ಎರಡು ಕೆಂಪು ಬಾಳೆಹಣ್ಣು ತರುತ್ತೇನೆ, ಆಕೆಗೊಂದು ನನಗೊಂದು, ನಮ್ಮ ಕಮಲಾಪುರದ ಕೆಂಪು ಬಾಳೆ ಸಿಪ್ಪೆ ನೋಡಿದರೆ ಹಣ್ಣಾಗಿದೆಯೋ ಇಲ್ಲವೋ ತಿಳಿಯುವುದಿಲ್ಲ, ಆಪಾ ತೊಟ್ಟಿನ ಹತ್ತಿರ ಹೆಬ್ಬೆರಳು ಒತ್ತಿ, ಇದು ಇವತ್ತಿಂದು, ಇದು ನಾಳಿಗಿ ಇಡು, ಒಂದು ಸಲವೂ ತಪ್ಪಿಲ್ಲ. ಮತ್ತೆ ಆ ಗುರುತು. ತಾನು ತುಂಬಿದ ಸಾಲಿನಲ್ಲೆಲ್ಲ ಹಳೇದು ಮುಗಿದು ಹೊಸದು ಶುರುವಾಗುವ ಕಡೆ ಒಂದೇ ಒಂದು ಪಾಕೀಟು ತಿರುಗಿಸಿ ಇಡುತ್ತಾಳೆ, ಬೆನ್ನು ಈ ಕಡೆಗೆ, ಹೆಸರು ಗೋಡೆ ಕಡೆಗೆ. ಓದುವ ಕೆಲಸವೇ ಇಲ್ಲ, ಬೆನ್ನು ಕಂಡಿತು ಎಂದರೆ ಹಳೇದು ತೀರಿತು. ದೇವೀಂದ್ರಪ್ಪ ನೂರು ಸಲ ಬೈದಿದ್ದಾನೆ, ಚಿತ್ರದಾಗ ಹಿಂಗ ಇಲ್ಲವಾ, ಸೀದಾ ಇಡು. ಹೌ ಸಾಬ್ ಎನ್ನುತ್ತಾಳೆ, ಆತ ಹೋದ ಮೇಲೆ ಮತ್ತೆ ತಿರುಗಿಸುತ್ತಾಳೆ, ನನ್ನ ಕಡೆ ನೋಡಿ ನಗುತ್ತಾಳೆ, ನಾನು ಇರುವ ಕಡೆಗಲ್ಲ, ಸ್ವಲ್ಪ ಬಲಕ್ಕೆ.

ಗಾಜಿನ ಬಾಗಿಲು. ಆಕೆಯಲ್ಲ. ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ ಜೇವರ್ಗಿ ಕಾಲೋನಿಯ ಒಬ್ಬ ಹೆಂಗಸು ಬಂದದ್ದೂ ಇದೇ ಬಾಗಿಲಿನಿಂದ, ಕೈಯಲ್ಲಿ ಗುಲಾಬ್ ಜಾಮೂನಿನ ಹಿಟ್ಟಿನ ಪಾಕೀಟು, ಒಡೆದದ್ದು, ಏನ್ರೀ ಇದು, ಶನಿವಾರಕ್ಕೇ ತಾರೀಖ ಮುಗದದ, ನಿನ್ನಿ ಮಾರೀರಿ, ಮಕ್ಕಳು ತಿಂದಿದ್ರ ಏನ್ ಮಾಡ್ತಿದ್ರಿ, ಫೋನ್ ಎತ್ತಿ ಚಿತ್ರ ಹಿಡಿಯತೊಡಗಿದಳು, ದೇವೀಂದ್ರಪ್ಪ ಕೈ ಮುಗಿಯುವುದೇನು, ಮೇಡಮ್ ಮೇಡಮ್ ಎನ್ನುವುದೇನು, ಹಬ್ಬದ ಮುಂದೆ ಆ ಚಿತ್ರ ಎಲ್ಲಿಗಾದರೂ ಹೋದರೆ ಆತನ ನೌಕರಿಗೆ ಕುತ್ತು ಬರುತ್ತದೆ. ಆ ಹೆಂಗಸು ಹೋದ ಮೇಲೆ ನಮ್ಮಿಬ್ಬರನ್ನು ರ್ಯಾಕಿನ ಮುಂದೆ ನಿಲ್ಲಿಸಿದ. ಇದು ಯಾರ ಸಾಲು? ಆಪಾನ ಸಾಲು, ಅದು ಎಲ್ಲರಿಗೂ ಗೊತ್ತು, ಸಿಹಿಯ ಸಾಲು ಆಕೆಯದು, ಎಣ್ಣೆ ಬೇಳೆ ನನ್ನದು. ಹೇಳ್ರೀ, ಇಬ್ಬರಾಗ ಒಬ್ಬರು ಇವತ್ತ ಮನೀಗಿ ಹೋತೀರಿ, ಲಗೂನ ಹೇಳ್ರೀ. ಆಪಾನ ಬೆರಳು ಪಾಕೀಟುಗಳ ಮೇಲೆ ಹರಿದಾಡುತ್ತಿತ್ತು, ಏನೋ ಹುಡುಕುವ ಹಾಗೆ, ನನಗೆ ತಲೆ ಕೆಟ್ಟಿತು, ಬಾಯಿ ಬಿಡು, ನಂದೇ ತಪ್ಪು ಅನ್ನು, ಕಾಲು ಹಿಡಿ, ಬಿಡುತ್ತಾನೆ, ಬಿಡುತ್ತಿದ್ದ, ಹಬ್ಬದಲ್ಲಿ ಇನ್ನೊಬ್ಬಳನ್ನು ಎಲ್ಲಿಂದ ತರುತ್ತಾನೆ — ಆಕೆ ಬಾಯಿ ಬಿಡಲಿಲ್ಲ, ನಾನು ಬಿಟ್ಟೆ. ಕಣ್ಣ ಕಾಣಂಗಿಲ್ಲ ಅಂದ್ರ ಮನ್ಯಾಗ ಕುಂದ್ರು. ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಒಂದು ಉಸಿರಿನಲ್ಲಿ ಹೋಯಿತು. ದೇವೀಂದ್ರಪ್ಪ ನನ್ನ ನೋಡಿದ, ಆಕೆಯನ್ನು ನೋಡಿದ, ಕಣ್ಣ ಕಾಣಂಗಿಲ್ಲೇನು ಈಕಿಗಿ?

ಬಂಡೆಮ್ಮ, ಆ ಜಾಮೂನಿನ ಸಾಲೆಲ್ಲ ತೆಗಿ, ಒಂದೊಂದರದೂ ತಾರೀಖ ನೋಡು, ಮುಗದದ್ದು ಬ್ಯಾರೆ ಹಾಕು — ಈಗ ದೇವೀಂದ್ರಪ್ಪ ಕೂಗುತ್ತಾನೆ, ಆಯಿತು ಸರ, ತೆಗೆಯುತ್ತೇನೆ, ಮಂಡಿಯೂರುತ್ತೇನೆ, ಮಂಡಿ ಕಟಕ್ ಎನ್ನುತ್ತದೆ, ನಲವತ್ತಾರಕ್ಕೆ ಮಂಡಿ ಹೀಗಾದರೆ ಐವತ್ತಾರರ ಆಪಾ ಹೇಗೆ ಕೂರುತ್ತಿದ್ದಳು, ಎಂದೂ ಕೇಳಲಿಲ್ಲ ನಾನು. ಮೊದಲ ಪಾಕೀಟು, ಮುಂದಿನ ವರ್ಷದ ತಾರೀಖು. ಎರಡನೆಯದು, ಮುಂದಿನ ವರ್ಷ. ಮೂರು, ನಾಲ್ಕು, ಎಲ್ಲ ಬಿರುಸು, ಎಲ್ಲ ಹೊಸದು. ಹೊಸದು ಮುಂದೆ ಯಾಕಿದೆ? ಐದು, ಆರು, ಏಳು — ಆಮೇಲೆ ಒಂದು ಬೆನ್ನು. ಹೆಸರು ಗೋಡೆ ಕಡೆಗೆ, ಬೆನ್ನು ನನ್ನ ಕಡೆಗೆ. ಅದನ್ನು ತೆಗೆದು ನೋಡಿದೆ, ಶನಿವಾರದ ತಾರೀಖು. ಅದರ ಹಿಂದಿನದು, ಶನಿವಾರ. ಕೊನೆಯ ತನಕ ಶನಿವಾರ, ಮೆತ್ತಗೆ, ಹನ್ನೊಂದು ಪಾಕೀಟು. ಹಳೇದೆಲ್ಲ ಹಿಂದೆ, ಹೊಸದೆಲ್ಲ ಮುಂದೆ, ಉಲ್ಟಾ ಸಾಲು. ಆ ಕಾಲೋನಿಯ ಹೆಂಗಸು ತಾಜಾ ಸಿಗುತ್ತದೆ ಎಂದು ಹಿಂದೆ ಕೈ ಹಾಕಿದಳು, ಹಿಂದೆ ಇದ್ದದ್ದೇ ಹಳೇದು. ಆಪಾ ಹೀಗೆ ಇಡುವುದಿಲ್ಲ. ಕಣ್ಣು ಪೂರ್ತಿ ಹೋದರೂ ಆಕೆಯ ಕೈ ಹೀಗೆ ಇಡುವುದಿಲ್ಲ. ಗುರುವಾರ — ಗುರುವಾರ ಆಪಾ ಇಲ್ಲಿರಲಿಲ್ಲ, ಬಾಗಿಲ ಹತ್ತಿರ ಹಣತೆಯ ಮೇಜಿಗೆ ನಿಲ್ಲಿಸಿದ್ದರು, ಐದಕ್ಕೆ ಮಾಲು ಬಂತು, ಜಾಮೂನು ಯಾರ್ ತುಂಬತೀರಿ ಎಂದ ದೇವೀಂದ್ರಪ್ಪ, ಐದೂವರೆಗೆ ಹುಮನಾಬಾದ್ ಬಸ್ಸು, ಅದು ತಪ್ಪಿದರೆ ಮುಂದಿನದರಲ್ಲಿ ಕಮಲಾಪುರದ ತನಕ ನಿಂತೇ ಹೋಗಬೇಕು, ನಾ ತುಂಬ್ತೀನ್ರೀ ಎಂದೆ, ಇದ್ದದ್ದನ್ನು ಮುಂಗೈಯಿಂದ ಹಿಂದಕ್ಕೆ ದೂಡಿದೆ, ಹೊಸ ಬಾಕ್ಸು ಒಡೆದು ಮುಂದೆ ಸುರಿದೆ, ಓಡಿದೆ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತ್ತು. ಅದು ನೆನಪಿದೆ. ಇದು ಮರೆತಿದ್ದೆನೋ, ಮರೆತ ಹಾಗೆ ಇದ್ದೆನೋ, ಇವತ್ತು ಹನ್ನೊಂದಕ್ಕೆ ಸಿಟ್ಟು ಅಷ್ಟು ಜೋರಾಗಿ ಎಲ್ಲಿಂದ ಬಂತು ಹಾಗಾದರೆ.

ಎದ್ದು ಹೋದೆ, ನೇರ ಹೋದೆ, ನನಗೆ ಸುತ್ತಿ ಬಳಸಿ ಬರುವುದಿಲ್ಲ, ಸರ, ಆ ಸಾಲು ಆಪಾ ತುಂಬಿದ್ದಲ್ಲ, ನಾ ತುಂಬೀನಿ, ನನ್ನ ಕಳಿಸ್ರೀ ಮನೀಗಿ, ಆಕೀನ ಕರೀರಿ. ಆತ ಹಣತೆಯ ಬಾಕ್ಸು ಎಣಿಸುತ್ತಿದ್ದ, ತಲೆ ಎತ್ತಲಿಲ್ಲ, ಯಾರ್ ತುಂಬಿದ್ರ ಏನವಾ ಈಗ, ಕಣ್ಣ ಕಾಣಲಾರದಾಕೀನ ಇಟ್ಕೊಂಡು ನಾ ಏನ್ ಮಾಡ್ಲಿ, ಅದನ್ನ ಹೇಳಿದಾಕಿ ನೀನೇ ಅಲ್ಲ? ಹೋಗು, ರವಾ ತೀರ್ಯದ, ಮಂದಿ ಕೇಳಾಕತ್ಯಾರ. ಆಪಾಗೆ ಫೋನು ಹಚ್ಚಿದೆ, ರಿಂಗಾಯಿತು, ಕತ್ತರಿಸಿದಳು, ಮತ್ತೆ ಹಚ್ಚಿದೆ, ಬಂದ್ ಆಗಿತ್ತು. ರವೆ ತುಂಬಿದೆ. ಸಕ್ಕರೆ ತುಂಬಿದೆ. ಎರಡು ಕೊಂಡರೆ ಒಂದು ಉಚಿತ. ನಾಲ್ಕೂವರೆಗೆ ಗಾಜಿನ ಬಾಗಿಲು ತೆರೆಯಿತು, ಬಿಸಿಗಾಳಿ, ಅತ್ತರಿನ ವಾಸನೆ, ಎದ್ದು ನಿಂತೆ — ಆಕೆಯಲ್ಲ, ಆಕೆಯ ಮಗಳು ಅಲ್ಫಿಯಾ, ಕೈಯಲ್ಲಿ ಮಡಿಚಿದ ನೀಲಿ ಕೋಟು, ಮೇಲೆ ಆಪಾನ ಗುರುತಿನ ಚೀಟಿ, ಅಂಗಡಿಯದು ಅಂಗಡಿಗಿ ಕೊಟ್ಟು ಬಾ ಅಂದಾರ ಅಮ್ಮಿ. ಕೋಟು ಇನ್ನೂ ಸ್ವಲ್ಪ ಹಸಿ, ಒಗೆದು ಇಸ್ತ್ರಿ ಮಾಡಿ ಕಳಿಸಿದ್ದಾಳೆ. ಆಪಾ ಏನ್ ಮಾಡಾಕತ್ತಾಳವಾ, ಉಂಡಾಳೇನು? ಉಂಡಾರ್ರೀ. ಅಳ್ತಾಳೇನು? ಇಲ್ರೀ, ಸುಮ್ನ ಕುಂತಾರ. ನಾನು ಓಡಿ ಹೋಗಿ ಚೀಲ ತಂದೆ, ಎರಡೂ ಬಾಳೆಹಣ್ಣು ಅವಳ ಕೈಗೆ ಹಿಡಿಸಿದೆ, ಅವಳು ಕೈ ಹಿಂದಕ್ಕೆ ತೆಗೆದಳು, ಅತ್ತ ಇತ್ತ ನೋಡಿದಳು, ಪಾಪ, ಸಣ್ಣ ದನಿಯಲ್ಲಿ, ನಕ್ಕೋ ಖಾಲಾ, ಬ್ಯಾಡ, ಇವತ್ತ ಸೋಮವಾರ ಅದ, ಬಾಳೆಹಣ್ಣ ಕೊಟ್ರ ತೊಗೋಬ್ಯಾಡ ಅಂತ ಹೇಳಿ ಕಳಿಸ್ಯಾರ.

ಐದೂ ಕಾಲು. ಬಸ್ಸು ಹೋದರೆ ಹೋಗಲಿ. ಖಾಲಿ ರ್ಯಾಕಿನ ಮುಂದೆ ಮಂಡಿಯೂರಿದ್ದೇನೆ, ಹಣ್ಣು ಎರಡೂ ಮಡಿಲಲ್ಲಿ ಇವೆ, ತೊಟ್ಟಿನ ಹತ್ತಿರ ಹೆಬ್ಬೆರಳು ಒತ್ತಿ ನೋಡುತ್ತೇನೆ, ಯಾವುದು ಇವತ್ತಿಂದು ಯಾವುದು ನಾಳೆಯದು ನನಗೆ ತಿಳಿಯುವುದಿಲ್ಲ. ಈಗ ನೆನೆಯಲೇಬೇಕು, ಬೆಳಗಿನಿಂದ ತಪ್ಪಿಸಿಕೊಂಡದ್ದು. ನಾನು ಚೀರಿ ಮುಗಿಸಿದ್ದೆ. ಆಕೆಯ ಬೆರಳು ಸಾಲಿನ ಮೇಲೆ ಹರಿದಾಡುತ್ತಲೇ ಇತ್ತು, ಬಿರುಸು, ಬಿರುಸು, ಬಿರುಸು, ಒಂದು ಕಡೆ ನಿಂತಿತು, ಮೆತ್ತಗೆ. ಅಲ್ಲಿಗೆ ಆಕೆಗೆ ಗೊತ್ತಾಯಿತು. ಗುರುವಾರ ಯಾರು ತುಂಬಿದರು ಎಂದೂ ಗೊತ್ತಿತ್ತು, ಹಣತೆಯ ಮೇಜಿನಿಂದ ನನಗೆ ಕೂಗಿ ಹೇಳಿದ್ದಳು, ಹೋಗು ಹೋಗು, ಬಸ್ ತಪ್ತದ. ಬಾಯಿ ತೆರೆದು ಒಂದು ಮಾತು, ಇದು ಬಂಡೆಮ್ಮ ತುಂಬಿದ್ದು ಸಾಬ್, ಅಷ್ಟಿದ್ದರೆ ಸಾಕಿತ್ತು, ಮನೆಗೆ ಹೋಗುವವಳು ನಾನಾಗುತ್ತಿದ್ದೆ. ಅನ್ನಲಿಲ್ಲ. ಮುಂದಿನವನ್ನು ಎಡಗೈಯಲ್ಲಿ ಸರಿಸಿ, ಆ ಪಾಕೀಟನ್ನು ಹೊರಗೆ ಎಳೆದು, ಮೆಲ್ಲಗೆ ತಿರುಗಿಸಿ, ಇದ್ದಲ್ಲೇ ಇಟ್ಟಳು, ಮೇಲೆ ಒಂದು ಸಲ ಕೈಯಾಡಿಸಿದಳು, ಕೂಸಿನ ಬೆನ್ನು ಸವರುವ ಹಾಗೆ. ಆಮೇಲೆ ಹೋದಳು. ಹನ್ನೊಂದು ವರ್ಷ ನಾವು ಹಿಂದಿನ ಗೇಟಿನಿಂದಲೇ ಹೋದವರು, ಚೀಲ ತೆರೆದು ತೋರಿಸಿ, ತಪಾಸಣೆಗೆ ಕೈ ಎತ್ತಿ ನಿಂತು, ಇವತ್ತು ಆಕೆ ಮುಂದಿನಿಂದ ಹೋದಳು, ಗಿರಾಕಿಗಳ ನಡುವೆ ಒಂದು ಕೈ ಮುಂದೆ ಚಾಚಿಕೊಂಡು, ಗಾಜಿನ ಬಾಗಿಲು ತಾನಾಗಿಯೇ ತೆರೆಯಿತು, ಬಿಸಿಲು ಒಳಗೆ ಬಿತ್ತು, ತಿರುಗಿ ನೋಡುತ್ತಾಳೆ ಎಂದು ನಿಂತಿದ್ದೆ, ನೀಲಿ ಕೋಟು, ಅದರ ಮೇಲೆ ಬಿಳಿ ಜಡೆ, ಮುಖ ಆ ಕಡೆಗೆ, ಬೆನ್ನು ನನ್ನ ಕಡೆಗೆ — ಬಂಡೆಮ್ಮ, ಜಾಮೂನ್ ತುಂಬವಾ, ಖಾಲಿ ಕಾಣಸ್ತದ — ತುಂಬುತ್ತೇನೆ ಸರ, ತುಂಬುತ್ತಿದ್ದೇನೆ, ಬಾಕ್ಸು ಒಡೆದೆ, ಒಂದು ಪಾಕೀಟು ಕೈಯಲ್ಲಿದೆ, ಇಡಬೇಕು, ಹೆಸರು ಗೋಡೆ ಕಡೆಗೆ, ಬೆನ್ನು ನನ್ನ ಕಡೆಗೆ, ಬೆನ್ನು ನನ್ನ ಕಡೆಗೆ